ನಡುವಿನವಳಿಗೆ ಯಾವ ಕ್ಲಾಸಿನ ಪುಸ್ತಕ

ಬಳ್ಳಾರಿಯ ಬ್ರೂಸ್‌ಪೇಟೆಯ ಗಲ್ಲಿಯೊಂದರಲ್ಲಿ ಪಠ್ಯಪುಸ್ತಕ ಮಾರುವ ಅಂಗಡಿಯಿದೆ. ಯಾರು ಹೋಗಿ ನಿಂತರೂ ಅಲ್ಲಿಯವರು ಕೇಳುವುದು ಒಂದೇ ಪ್ರಶ್ನೆ: "ಯಾವ ಕ್ಲಾಸ್ ರೀ?" ಹದಿಮೂರು ತುಂಬಿದ ದೊಡ್ಡ ಮಗಳಿಗೆ ಎಂಟು ಎಂದೆ. ಆರು ವರ್ಷದ ಚಿಕ್ಕವಳಿಗೆ ಒಂದು ಎಂದೆ. ಹತ್ತು ವರ್ಷದ ನಡುವಿನವಳ ಸರದಿ ಬಂದಾಗ ನನ್ನ ಬಾಯಿ ಕಟ್ಟಿತು. ಹಿಂದೆ ಸಾಲು ಬೆಳೆಯುತ್ತಿತ್ತು. "ಲಗೂ ಹೇಳ್ರೀ ಅಮ್ಮಾ" ಅಂದರು ಅಂಗಡಿಯವರು. "ಐದು" ಎಂದುಬಿಟ್ಟೆ. ವಯಸ್ಸಿಗೆ ಅದು ಸರಿಯಾಗಿತ್ತು. ಆದರೆ ಒಂದನೇ ಕ್ಲಾಸಿನ ಪುಸ್ತಕದ ಒಂದು ಸಾಲೂ ಅವಳಿಗೆ ಓದಲು ಬರುತ್ತಿರಲಿಲ್ಲ.

ಅವಳ ಸಲುವಾಗಿಯೇ ನಾವು ಮನೆಯಲ್ಲಿ ಶಾಲೆ ಶುರು ಮಾಡಿದ್ದು. ನಾನು ಕುರುಗೋಡಿನ ಖಾಸಗಿ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ನನ್ನ ಗಂಡನಿಗೆ ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ. ನಡುವಿನವಳಿಗೆ ದಿನಾ ಬೆಳಿಗ್ಗೆ ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ನಾಟಕ ಅಂದುಕೊಂಡು ಗದರಿಸಿ ಕಳಿಸುತ್ತಿದ್ದೆ. ಒಂದು ಸಂಜೆ ಪಡಸಾಲೆಯಲ್ಲಿ ಅಕ್ಕತಂಗಿಯರು ಟೀಚರಾಟ ಆಡುತ್ತಿದ್ದರು. ನಡುವಿನವಳು ತನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿಗೆ ಬೆತ್ತ ಕೊಟ್ಟು, "ನೀ ಟೀಚರ್ ಆಗು. ನಾ ದಡ್ಡಿ ಅದೀನಲ್ಲ, ನಾ ಹಿಂದ ಕುಂದರ್ತೀನಿ" ಅಂದಳು. ಆ ಮಾತಿನಲ್ಲಿ ದುಃಖವೇನೂ ಇರಲಿಲ್ಲ. ತನ್ನ ಊರು ಯಾವುದು ಎಂದು ಹೇಳುವ ಹಾಗೆ ಹೇಳಿದಳು. ಅವಳು ಓದಲಿ ಬಿಡಲಿ, ಆ ಒಂದು ಶಬ್ದ ಅವಳ ತಲೆಯಿಂದ ಹೋಗಬೇಕು ಎಂದು ಹಟ ಹಿಡಿದೆ. ಕೆಲಸ ಬಿಟ್ಟೆ. ಒಬ್ಬಳನ್ನೇ ಬಿಡಿಸಿದರೆ ಮತ್ತೆ ಅದೇ ಹಣೆಪಟ್ಟಿ ಅಂಟುತ್ತದೆಂದು ಮೂವರನ್ನೂ ಬಿಡಿಸಿದೆ. "ನೀ ಟೀಚರ್ ಅದೀ, ನಿನಗ ತಿಳಿದಂಗ ಮಾಡು" ಅಂದರು ನನ್ನ ಗಂಡ. ಊರಿನ ಜನ ಬೇರೆ ಬೇರೆ ಮಾತಾಡಿದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಐದನೇ ಕ್ಲಾಸಿನ ಆ ಸೆಟ್ಟು ಒಂದು ವಾರ ಬಾಳಿತು. ಪುಸ್ತಕ ತೆಗೆದರೆ ಅವಳ ಮುಖ ಬಾಡುತ್ತಿತ್ತು, ನನ್ನ ದನಿ ಏರುತ್ತಿತ್ತು. ಗೋಡೆಯ ಮೇಲೆ ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದ ನನ್ನ ಟೈಮ್‌ಟೇಬಲ್ಲು ನನ್ನನ್ನೇ ಅಣಕಿಸುತ್ತಿತ್ತು. ದೊಡ್ಡವಳಿಗೆ ಬೀಜಗಣಿತ ಹೇಳುವಷ್ಟರಲ್ಲಿ ಚಿಕ್ಕವಳು ಹಿತ್ತಲಿಗೆ ಓಡಿರುತ್ತಿದ್ದಳು. ಸಾಕಾಗಿ ಒಂದು ಉಪಾಯ ಮಾಡಿದೆ. ನಡುವಿನವಳನ್ನೂ ಚಿಕ್ಕವಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಇಬ್ಬರಿಗೂ ಒಂದೇ ಕಥೆ ಪುಸ್ತಕ ಕೊಟ್ಟೆ. ನನ್ನ ಅರ್ಧ ದುಡಿಮೆ ಉಳಿಯಿತು. ಚಿಕ್ಕವಳು ಗಟ್ಟಿಯಾಗಿ ಪಟಪಟನೆ ಓದುವುದನ್ನು ಕಲಿತಳು. ಆಶ್ಚರ್ಯವೆಂದರೆ, ಎರಡು ತಿಂಗಳಲ್ಲಿ ನಡುವಿನವಳೂ ಓದತೊಡಗಿದಳು! ಪುಸ್ತಕ ಮಡಿಲಲ್ಲಿಟ್ಟುಕೊಂಡು, ಸಾವಕಾಶ ಹಾಳೆ ತಿರುವುತ್ತ, ಒಂದೂ ತಪ್ಪಿಲ್ಲದೆ, ತಂಗಿಗಿಂತ ಚೆಂದದ ದನಿಯಲ್ಲಿ. ನಾನು ನೆಲದ ಮೇಲಿರಲಿಲ್ಲ. ನನಗಿಂತ ದೊಡ್ಡ ಟೀಚರಿಲ್ಲ ಅನ್ನಿಸಿಬಿಟ್ಟಿತ್ತು.

ಆಗ ಸಿರುಗುಪ್ಪದಲ್ಲಿ ನನ್ನ ಅಣ್ಣನ ಹೊಸ ಮನೆಯ ಪ್ರವೇಶ ಬಂತು. ಅಣ್ಣ ಹೈಸ್ಕೂಲ್ ಮೇಷ್ಟ್ರು. ಮಕ್ಕಳನ್ನು ಶಾಲೆ ಬಿಡಿಸಿದ್ದು ಅವನಿಗೆ ಒಂಚೂರೂ ಹಿಡಿಸಿರಲಿಲ್ಲ. ಅವನಿಗೆ ತೋರಿಸಿಯೇ ತೀರಬೇಕೆಂದು ನಾನು ಆ ಕಥೆ ಪುಸ್ತಕವನ್ನು ಬ್ಯಾಗಿನಲ್ಲಿಟ್ಟುಕೊಂಡೇ ಹೋದೆ. ಬಸ್ಸಿನಲ್ಲಿ ಚಿಕ್ಕವಳು ಶೇಂಗಾ ಉಂಡಿ ತಿಂದ ಕೈಯಲ್ಲಿ ಅದನ್ನು ತಿರುವಿ ಹಾಕಿದ್ದಳು.

ಊಟದ ಮೊದಲ ಪಂಕ್ತಿ ಎದ್ದ ಮೇಲೆ, ಬಂಧುಗಳೆಲ್ಲ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಗ, ನಡುವಿನವಳನ್ನು ಮುಂದೆ ಕೂರಿಸಿದೆ. ಅವಳು ಓದಿದಳು. ಅತ್ತಿಗೆಯ ತವರಿನವರು ಶಭಾಸ್ ಅಂದರು. ಅಣ್ಣ ಅವಳ ಬೆನ್ನ ಹಿಂದೆ ನಿಂತು ಪುಸ್ತಕವನ್ನೇ ನೋಡುತ್ತಿದ್ದ. ಅರ್ಧಕ್ಕೇ ಅವಳ ತಲೆ ಸವರಿ, "ಭಾಳ ಚಲೋ ಹೇಳಿದಿ ಅವ್ವಿ, ಸಾಕು, ಹೋಗಿ ಹೋಳಿಗಿ ತಿನ್ನು" ಎಂದು ಎಬ್ಬಿಸಿದ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದ.

"ತಂಗಿ, ಬ್ಯಾಸರ ಮಾಡ್ಕೋಬ್ಯಾಡ. ಹುಡುಗಿ ಓದಾಕ ಹತ್ತಿಲ್ಲ. ಬಾಯಿಪಾಠ ಹೇಳಾಕ ಹತ್ಯಾಳ. ಬೆಲ್ಲ ಮೆತ್ತಿ ಎರಡು ಹಾಳಿ ಅಂಟಿಕೊಂಡಿದ್ವು. ಒಳಗ ಮುಚ್ಚಿ ಹೋಗಿದ್ದನ್ನೂ ಆಕಿ ಕಣ್ಣೆದುರು ಇದ್ದಂಗ ಹೇಳಿದ್ಲು."

ಅಣ್ಣ ಎಲ್ಲರೆದುರು ಆಡದೆ ಮರೆಯಲ್ಲಿ ಹೇಳಿದ್ದ. ಆ ಮರ್ಯಾದೆ ನನಗೆ ಬರಲಿಲ್ಲ. ನೆತ್ತಿಗೇರಿದ ಸಿಟ್ಟಿನಲ್ಲಿ ಮಗಳನ್ನು ಅಕ್ಕಿ ಚೀಲ ಒಟ್ಟಿದ್ದ ಕೋಣೆಗೆ ಎಳೆದುಕೊಂಡು ಹೋದೆ. ನಡುವಿನ ಒಂದು ಹಾಳೆ ತೆಗೆದು ಬೆರಳಿಟ್ಟು, "ಇದನ್ನ ಓದು" ಅಂದೆ. ಅವಳು ಪುಸ್ತಕದ ಮೊದಲ ಹಾಳೆಗೆ ಹೋಗಲು ನೋಡಿದಳು. "ಇದನ್ನ, ಇಲ್ಲಿಂದ!" ಅವಳ ತುಟಿಗಳು ಅಲುಗಿದವು, ದನಿ ಬರಲಿಲ್ಲ. "ಇಷ್ಟು ದಿನ ನನಗ ಮೋಸ ಮಾಡಿದೇನಲೇ?" ಎಂದು ಕೂಗಿದೆ. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಕುಳಿತವರೆಲ್ಲ ಈ ಕಡೆ ತಿರುಗಿದರು. "ಅಮ್ಮಾ, ನಾ ಓದಿದ್ನಲ್ಲ" ಅಂದಳು ಅವಳು. ಅವಳ ಕಣ್ಣಲ್ಲಿ ಕಳ್ಳತನವಿರಲಿಲ್ಲ, ಗಾಬರಿಯಿತ್ತು. ಅದು ನನಗೆ ಆಗ ಕಾಣಲಿಲ್ಲ. ಕುರುಗೋಡಿಗೆ ವಾಪಸ್ ಬರುವಾಗ ಅವಳು ನನ್ನ ಪಕ್ಕ ಬಿಟ್ಟು ಅಕ್ಕನ ಪಕ್ಕ ಕುಳಿತಳು.

ಮರುದಿನ ಸಂಜೆ ಎಂದಿನಂತೆ ನಮ್ಮ ಅತ್ತೆ ವಚನಕ್ಕೆ ಕುಳಿತರು. ನಮ್ಮ ಮನೆಯಲ್ಲಿ ಅದೊಂದು ಪದ್ಧತಿ. ವಿಭೂತಿ ಹಚ್ಚಿಕೊಂಡು, ಮಣೆಯ ಮೇಲೆ ವಚನದ ಪುಸ್ತಕ ತೆರೆದಿಟ್ಟು, ಅತ್ತೆ ಹಾಳೆ ತಿರುವುತ್ತ ಹೇಳುತ್ತಾರೆ. ನಾವೆಲ್ಲ ಕಣ್ಣು ಮುಚ್ಚಿ ಕೇಳುತ್ತೇವೆ. ನಡುವಿನವಳೊಬ್ಬಳು ಮಾತ್ರ ಕಣ್ಣು ಬಿಟ್ಟುಕೊಂಡು ಅಜ್ಜಿಯ ತೊಡೆಗೆ ಆತು ಕೂರುತ್ತಿದ್ದಳು. ಅವತ್ತು ಅವಳು ಬರಲಿಲ್ಲ. ಒಳಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಏನಾಯಿತೆಂದು ಅತ್ತೆ ಕೇಳಿದರು. ಹೇಳಿದೆ, "ಮೋಸ" ಎಂಬ ಮಾತನ್ನೂ ಸೇರಿಸಿ.

ಅತ್ತೆ ಪುಸ್ತಕ ಮುಚ್ಚಿದರು. ಅಷ್ಟರಲ್ಲಿ ಅಂಗಡಿಯಿಂದ ಬಂದ ನನ್ನ ಗಂಡ ಬಚ್ಚಲಲ್ಲಿ ಕೈಯ ಗ್ರೀಸು ತೊಳೆಯುತ್ತಿದ್ದರು. ಅವರಿಗೂ ಕೇಳಿಸುವ ಹಾಗೆ ಅತ್ತೆ ಹೇಳಿದರು: "ಆಕಿ ಮೋಸ ಮಾಡಿಲ್ಲ. ನನ್ನ ನೋಡಿ ಕಲ್ತಾಳ. ನನಗ ಒಂದಕ್ಷರ ಓದಾಕ ಬರಂಗಿಲ್ಲ."

ನನ್ನ ಗಂಡ ಸೋಪು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಹೆತ್ತ ಮಗನಿಗೂ ಗೊತ್ತಿರಲಿಲ್ಲ.

ಅತ್ತೆ ತಲೆ ಎತ್ತದೆ ಹೇಳುತ್ತ ಹೋದರು. ಅವರಪ್ಪ ಅವರಿಗೆ ವಚನವನ್ನೆಲ್ಲ ಬಾಯಲ್ಲೇ ಕಲಿಸಿದ್ದರಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಮಾವನವರು ಸೊಸೆ ಓದಿದವಳೆಂದು ತಿಳಿದು ಪುಸ್ತಕ ಕೈಗಿಟ್ಟರು. ಬರುವುದಿಲ್ಲ ಅನ್ನಲು ನಾಚಿಕೆಯಾಯಿತು. ಬಾಯಲ್ಲಿದ್ದದ್ದನ್ನೇ ಹಾಳೆ ತಿರುವುತ್ತ ಹೇಳಿದರು. ಎಲ್ಲರೂ ಮೆಚ್ಚಿದರು. ಆಮೇಲೆ ಹೇಳುವ ದಾರಿಯೇ ಉಳಿಯಲಿಲ್ಲ. ನನಗೆ ಒಂದೊಂದೇ ನೆನಪಾಯಿತು. ಲಗ್ನಪತ್ರಿಕೆ ಬಂದಾಗಲೆಲ್ಲ "ನನ್ನ ಕಣ್ಣು ಮಂಜಾಗ್ಯಾವ, ನೀ ಓದು" ಎಂದು ದೊಡ್ಡವಳಿಗೆ ಕೊಡುತ್ತಿದ್ದರು. ಬಸ್ಸಿಗೆ ಹೋದರೆ ಬೋರ್ಡು ನೋಡದೆ ಕಂಡಕ್ಟರನ್ನೇ ಕೇಳುತ್ತಿದ್ದರು. ಹದಿನೈದು ವರ್ಷ ಒಂದೇ ಒಲೆಯ ಅಡುಗೆ ಉಂಡಿದ್ದೇನೆ, ಟೀಚರು ಬೇರೆ, ನನಗೆ ತಿಳಿದಿರಲಿಲ್ಲ!

ಯಾವಾಗಲೋ ನಡುವಿನವಳು ಎದ್ದು ಬಂದು ನಿಂತಿದ್ದಳು. ಅವಳು ಅಜ್ಜಿಯನ್ನು ಕೇಳಿದಳು: "ಹಂಗಾರ ಅಜ್ಜಿ, ಓದೋದು ಅಂದ್ರ ಏನು?"

ಹತ್ತು ವರ್ಷದ ಹುಡುಗಿಗೆ ಅದನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ. ಪುಸ್ತಕ ಮುಂದಿಟ್ಟುಕೊಂಡು ಒಳಗಿದ್ದದ್ದನ್ನು ಹೇಳುವುದೇ ಓದುವುದೆಂದು ಅವಳು ನಂಬಿದ್ದಳು. ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಓದುವವರು ಮಾಡುತ್ತಿದ್ದದ್ದೂ ಅದನ್ನೇ. ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು "ನಂದು ತಪ್ಪಾತು" ಅಂದೆ. ಅಳು ಬಂತು, ತಡೆಯಲಿಲ್ಲ. ಅವಳೇ ನನ್ನ ಕಣ್ಣು ಒರೆಸಿದಳು.

ಬೇಕಾದರೆ ನಿಮಗೂ ಕಲಿಸುತ್ತೇನೆ ಎಂದು ಅತ್ತೆಗೆ ಹೇಳಿ ನೋಡಿದೆ. "ನನಗ ಈಗ ಅದೆಲ್ಲಾ ಬ್ಯಾಡವಾ. ಆಕಿಗಿ ಕಲಸು. ಆದ್ರ ಆಕಿ ಕಿವಿ ಕೆಡಸಬ್ಯಾಡ" ಅಂದರು. ಆ ಕಿವಿಯ ಮಾತು ನನ್ನ ತಲೆಯಲ್ಲಿ ಕೂತಿತು.

ಬಳ್ಳಾರಿಯ ಡಾಕ್ಟರರ ಹತ್ತಿರ ಕಣ್ಣು, ಕಿವಿ ಎಲ್ಲ ತೋರಿಸಿದೆವು. ಕೆಲವು ಮಕ್ಕಳಿಗೆ ಅಕ್ಷರ ಹಿಡಿಯುವುದು ಕಷ್ಟ, ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ, ತಾಳ್ಮೆಯಿಂದ ದಿನಾ ಸ್ವಲ್ಪ ಸ್ವಲ್ಪ ಮಾಡಿಸಿ ಎಂದರು. ಸಂಬಂಧವಿಲ್ಲವೆಂಬುದು ಅದೇ ವಾರ ನಮಗೇ ಗೊತ್ತಾಯಿತು. ದೊಡ್ಡವಳ ಎಂಟನೇ ಕ್ಲಾಸಿನ ಇತಿಹಾಸದ ಪಾಠವನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ನಡುವಿನವಳು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಪಾಠ ಮುಗಿಸಿ ಪ್ರಶ್ನೆ ಕೇಳಿದರೆ ದೊಡ್ಡವಳು ಪುಸ್ತಕ ಹುಡುಕುವಷ್ಟರಲ್ಲಿ ಇವಳು ಕಾಯಿ ಬಿಡಿಸುತ್ತಲೇ ಉತ್ತರ ಹೇಳಿದಳು. ಯಾವ ರಾಜ ಯಾಕೆ ಸೋತ, ಅವನು ಏನು ಮಾಡಿದ್ದರೆ ಗೆಲ್ಲುತ್ತಿದ್ದ ಎಂಬುದನ್ನೂ ಸೇರಿಸಿ. ದೊಡ್ಡವಳಿಗೆ ಮೂಗಿನ ತುದಿಯಲ್ಲಿ ಸಿಟ್ಟು. "ಆಕಿಗಿ ಹೆಂಗ ಗೊತ್ತಾತು?" ಎಂದು ನನ್ನ ಮೇಲೆ ಹಾರಾಡಿದಳು.

ಮತ್ತೆ ಬ್ರೂಸ್‌ಪೇಟೆಗೆ ಹೋದೆ. ಅದೇ ಪ್ರಶ್ನೆ. ಈ ಸಲ ಧೈರ್ಯವಾಗಿ ಹೇಳಿದೆ: "ಕನ್ನಡ ಒಂದು, ಲೆಕ್ಕ ಮೂರು. ವಿಜ್ಞಾನ ಐದು, ಸಮಾಜ ಎಂಟು ಮನಿಯಾಗ ಅದಾವ." ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು. "ಎಷ್ಟು ಮಂದಿ ಮಕ್ಳು ರೀ?" "ಒಬ್ಬಾಕಿ ರೀ." ಅವರು ಮತ್ತೇನೂ ಕೇಳದೆ ಪುಸ್ತಕ ಕಟ್ಟಿಕೊಟ್ಟರು.

ಮನೆಯಲ್ಲೂ ಕಟ್ಟಳೆ ಬದಲಾಯಿತು. ಇತಿಹಾಸ, ವಿಜ್ಞಾನ ಎಲ್ಲ ಕಿವಿಯಿಂದ, ಇತಿಹಾಸ ಅಕ್ಕನ ಜೊತೆ. ಓದಿದ್ದನ್ನು ತನ್ನ ಮಾತಲ್ಲಿ ಹೇಳುವುದು ದೊಡ್ಡವಳಿಗೆ ಬರುತ್ತಿರಲಿಲ್ಲ, ಅದನ್ನು ಅವಳು ತಂಗಿಯಿಂದ ಕಲಿಯಬೇಕಾಯಿತು. ಅಕ್ಷರದ ಹೊತ್ತಿಗೆ ಮಾತ್ರ ನಡುವಿನವಳೂ ನಾನೂ ಇಬ್ಬರೇ. ಚಿಕ್ಕವಳನ್ನು ಅತ್ತೆ ಗುಡಿಗೆ ಕರೆದುಕೊಂಡು ಹೋಗುತ್ತಿದ್ದರು, ಏಕೆಂದರೆ ಅವಳು ಎದುರಿಗಿದ್ದರೆ ಉತ್ತರ ಅವಳ ಬಾಯಿಂದ ಉದುರುತ್ತಿತ್ತು. ದಿನಕ್ಕೆ ಒಂದು ಹಾಳೆ, ಅದರಲ್ಲಿ ನಾನೇ ಬರೆದ ನಾಲ್ಕು ಸಾಲು. ಒಮ್ಮೆ ಬಂದದ್ದು ಮತ್ತೆ ಬರುವಂತಿಲ್ಲ, ಬಂದರೆ ಅವಳಿಗೆ ಬಾಯಿಪಾಠವಾಗಿರುತ್ತದೆ.

ಸುಲಭವಾಗಲಿಲ್ಲ. ಗೊತ್ತಿಲ್ಲದ ಪದ ಬಂದರೆ ಅವಳು ಹಾಳೆ ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ನನ್ನ ತುಟಿ ನೋಡಿ ಊಹಿಸುತ್ತಿದ್ದಳು. ನಾನು ಮುಖ ತಿರುಗಿಸಿದರೆ ಸುಮ್ಮನಾಗುತ್ತಿದ್ದಳು. "ಬರಲಿಲ್ಲ ಅಂದ್ರ ಬರಂಗಿಲ್ಲ ಅನ್ನು, ಯಾರೂ ಬೈಯಂಗಿಲ್ಲ" ಎಂದು ಎಷ್ಟು ಸಲ ಹೇಳಿದ್ದೇನೋ. ತಲೆಯಾಡಿಸುತ್ತಿದ್ದಳು, ಆದರೆ ಆ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಅಕ್ಕಿ ಚೀಲದ ಕೋಣೆಯಲ್ಲಿ ನಾನು ಕೂಗಿದ್ದನ್ನು ಅವಳು ಮರೆತಿಲ್ಲವೆಂದು ನನಗೆ ಗೊತ್ತಿತ್ತು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಕೆಲವು ದಿನ ನಾನು ತಾಳ್ಮೆಗೆಟ್ಟು ಹಿತ್ತಲಿಗೆ ಹೋಗಿ ಪಾತ್ರೆ ಕುಕ್ಕಿ ಬರುತ್ತಿದ್ದೆ.

ಒಂದು ಭಾನುವಾರ ಹೇಳದೆ ಕೇಳದೆ ಅಣ್ಣ ಬಂದ. ಅವನನ್ನು ಕಂಡದ್ದೇ ನಾನು ಹಾಳೆಗಳನ್ನೆಲ್ಲ ಬಾಚಿ ಕಪಾಟಿಗೆ ತುರುಕಿ, ಅಡುಗೆ ಮನೆಗೆ ಹೋಗಿ ರೊಟ್ಟಿ ಹಿಟ್ಟಿಗೆ ಕೈ ಹಾಕಿದೆ. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ನಡುವಿನವಳ ದನಿ ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದರೆ, ತಾನಾಗಿ ಕಪಾಟು ತೆಗೆದು ಅವತ್ತಿನ ಹಾಳೆ ತಂದು ಮಾವನ ಮುಂದೆ ಕುಳಿತಿದ್ದಾಳೆ. ಅಕ್ಕ, ತಂಗಿ, ಅಪ್ಪ ಎಲ್ಲರೂ ಅಲ್ಲೇ ಇದ್ದಾರೆ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದಾಳೆ. ವಚನ ಹೇಳುವ ಆ ಚೆಂದದ ದನಿಯಲ್ಲ, ಎಡವಿ ಎಡವಿ ಬರುವ ದನಿ. ಮೂರು ಸಾಲು ಮುಗಿಯಿತು. ನಾಲ್ಕನೆಯದರ ನಡುವೆ ಬೆರಳು ನಿಂತಿತು.

ಚಿಕ್ಕವಳು ಬಾಯಿ ತೆರೆದಳು. ದೊಡ್ಡವಳು ಅವಳ ಬಾಯಿ ಮುಚ್ಚಿದಳು. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಹೊರಟೆ, ಪಕ್ಕದಲ್ಲಿದ್ದ ಅತ್ತೆ ನನ್ನ ಮುಂಗೈ ಹಿಡಿದರು. ಮಗಳು ಯಾರ ಮುಖವನ್ನೂ ನೋಡಲಿಲ್ಲ, ಹಾಳೆಯನ್ನೇ ನೋಡುತ್ತಿದ್ದಳು. ಆಮೇಲೆ, ಬಾಯಾರಿದವರು ನೀರು ಕೇಳುವಷ್ಟು ಸರಾಗವಾಗಿ ಕೇಳಿದಳು:

"ಮಾಮಾ, ಈ ಪದ ನನಗ ಬರಂಗಿಲ್ಲ. ಹೇಳಿಕೊಡು."

ಅಣ್ಣ ಹೇಳಿಕೊಟ್ಟ. ಅವಳು ಮುಂದೆ ಓದಿದಳು. ಮಕ್ಕಳು ಒಪ್ಪಿಸಿದ ಯಾವ ಪಾಠದಿಂದಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಅತ್ತೆ ನನ್ನ ಕೈ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಒಂದು ಮಾತು ನನ್ನ ಬಾಯಿಂದ ಬರಾಕ ಐವತ್ತು ವರ್ಷ ಹಿಡೀತು" ಅಂದರು.