ಮೂರು ಬೆರಳಿನ ಹಿಡಿ

ದೊಡ್ಡಮ್ಮ ಕೆಲಸಕ್ಕೆ ಕೂರುವ ಮುಂಚೆ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈಯವರೆಗೆ ಏರಿಸಿ, ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದಳು. ಬ್ಯಾಂಡು ತೆಗೆದಾಗ ಆ ದಪ್ಪ ಮುಂಗೈ ಮೇಲೆ ಕೆಂಪು ಗೆರೆ ಎದ್ದಿರುತ್ತಿತ್ತು. ಗಂಡ ತೀರಿಹೋದ ಹೆಂಗಸಿಗೆ ಬಳೆ ಯಾಕೆ ಅಂತ ಬಾಣಾವರದಲ್ಲಿ ಅವಳ ಬೆನ್ನ ಹಿಂದೆ ಕೇಳಿದವರು ಬಹಳ, ಎದುರಿಗೆ ಕೇಳಿದವರು ಕಡಿಮೆ. ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ. "ಬಳೆ ತೊಡಿಸಿದೋನು ನಮ್ಮಪ್ಪ. ಅವನು ಬಂದು ಕೇಳಿದ್ರೆ ಬಿಚ್ಚಿಕೊಡ್ತೀನಿ." ಅವಳಪ್ಪ ಸತ್ತು ಆಗಲೇ ಬಹಳ ವರ್ಷವಾಗಿತ್ತು.

ನಮಗೂ ಅವಳಿಗೂ ರಕ್ತಸಂಬಂಧವೇನಿಲ್ಲ. ನಮ್ಮ ಮನೆಗೂ ಅವಳ ಕೊಬ್ಬರಿ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೆ. ಮಕ್ಕಳಿಲ್ಲದ ಅವಳು ಬೀದಿಯ ಮಕ್ಕಳಿಗೆಲ್ಲ ದೊಡ್ಡಮ್ಮ. ಮುದ್ದು ಮಾಡುತ್ತಿದ್ದಳು ಅಂತ ತಿಳಿಯಬೇಡಿ. ಬೈಯುವುದರಲ್ಲಿ ಯಾರಿಗೂ ಭೇದ ಮಾಡುತ್ತಿರಲಿಲ್ಲ, ಅದೇ ಅವಳ ಮುದ್ದು.

ನನ್ನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಬಲಗೈಯಲ್ಲಿ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಇಲ್ಲ. ಚಿಕ್ಕವಳಿದ್ದಾಗ ಹಸುವಿನ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟೆ. ಬರೆಯುತ್ತೇನೆ, ಹೊಲಿಯುತ್ತೇನೆ, ಸ್ಕೂಟರ್ ಓಡಿಸುತ್ತೇನೆ. ಮುದ್ದೆ ಕಟ್ಟಲು ಮಾತ್ರ ಬರುವುದಿಲ್ಲ. ಉಂಡೆಯಾಗುವ ಬದಲು ಹಿಟ್ಟು ಬೆರಳ ಸಂದಿಯಲ್ಲಿ ಹಿಂಡಿಕೊಂಡು ಬರುತ್ತದೆ. ನಮ್ಮ ಕಡೆ ಮುದ್ದೆ ಕಟ್ಟಲು ಬರದ ಹೆಣ್ಣು ಎಂ.ಎ. ಓದಿದ್ದರೂ ಅರ್ಧ ಹೆಂಗಸು. ಹೆಣ್ಣು ನೋಡಲು ಬಂದವರ ಮುಂದೆ ಅಮ್ಮ ನನ್ನ ಕೈಯನ್ನು ಸೆರಗಿನೊಳಗೆ ಇರಿಸುತ್ತಿದ್ದಳು. ಆಮೇಲೆ ಯಾರೂ ಹೇಳದಿದ್ದರೂ ಅದು ಅಲ್ಲೇ ಇರುತ್ತಿತ್ತು.

ಪ್ರತಿ ಶ್ರಾವಣದಲ್ಲಿ ವೀರಗಾಸೆ ಮೇಳದವರು ನಮ್ಮ ಬೀದಿಗೆ ಬರುತ್ತಿದ್ದರು. ಕೈಯಲ್ಲಿ ಕತ್ತಿ, ಕಾಲಲ್ಲಿ ಗೆಜ್ಜೆ, ಬಾಯಲ್ಲಿ ವೀರಭದ್ರನ ಕಥೆ ಸಾರುವ ಒಡಪು. ದೊಡ್ಡಮ್ಮನ ಅಪ್ಪ ಕೂಡ ಕುಣಿಯುತ್ತಿದ್ದವನೇ. ಹಾಗಾಗಿ ಒಡಪುಗಳೆಲ್ಲ ಅವಳಿಗೆ ಬಾಯಿಪಾಠ. ಒಂದು ವರ್ಷ ಒಡಪು ಹೇಳುವವನು ಮಧ್ಯದಲ್ಲಿ ತಡವರಿಸಿದಾಗ ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮ ಮುಂದಿನದನ್ನು ಎತ್ತಿಕೊಂಡು, ನಿಲ್ಲಿಸದೆ ಕೊನೆಯವರೆಗೆ ಹೇಳಿಬಿಟ್ಟಳು. ಮೇಳದ ಹಿರಿಯರು ನಕ್ಕೂ ನಗದಂತೆ, "ಹೆಂಗಸ್ರು ಒಡಪು ಹೇಳಬಾರ್ದು ಕಣಮ್ಮ, ದೇವ್ರು ಮೆಚ್ಚಲ್ಲ" ಅಂದರು.

"ಮರ್ತು ನಿಂತ್ಕೊಂಡ್ರೆ ಮೆಚ್ಚುತಾನಾ?" ಅಂದಳು ದೊಡ್ಡಮ್ಮ.

ಮಾರನೆಯ ವಾರವೇ ಹೆಂಗಸರ ಮೇಳ ಕಟ್ಟಲು ಹೊರಟಳು. ಹಾಲಿನ ಡೈರಿಯ ಹತ್ತಿರ ಸಿಕ್ಕ ಇಬ್ಬರು, ಕೊಬ್ಬರಿ ಒಡೆಯಲು ಬರುತ್ತಿದ್ದ ಅಕ್ಕತಂಗಿಯರು, ಮತ್ತೆ ನಾನು. ನನ್ನನ್ನು ಕೇಳಲೇ ಇಲ್ಲ, ಸೇರಿಸಿಕೊಂಡಳು. ಕುಣಿತ ಕಲಿಯಲು ಕತ್ತಿ ಬೇಕಲ್ಲ? ಹಿರಿಯರನ್ನು ಕೇಳಿದರೆ, "ಹಬ್ಬಕ್ಕೆ ಎರವಲು ಕೊಡೋಕೆ ಅದೇನು ರೇಷ್ಮೆ ಸೀರೆನಾ?" ಅಂದುಬಿಟ್ಟರು. ಅವತ್ತು ಸಂಜೆ ದೊಡ್ಡಮ್ಮ ಗಂಡ ಮಲಗುತ್ತಿದ್ದ ಕಬ್ಬಿಣದ ಮಂಚವನ್ನು ಅಂಗಳಕ್ಕೆ ಎಳೆಸಿ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದಳು. ಅವನು ಅನುಮಾನಿಸುತ್ತ ನಿಂತಾಗ, "ಕೊಯ್ಯಪ್ಪ. ಅವರು ಮಲಗಿದ್ದು ಸಾಕು, ಇನ್ನು ಎದ್ದು ಕುಣೀಲಿ" ಅಂದಳು. ಮಂಚದ ಪಟ್ಟಿಗಳು ಕತ್ತಿಗಳಾದವು. ಅಂಚು ಮೊಂಡು, ಹೊಳಪು ಮಾತ್ರ ಕಣ್ಣಿಗೆ ಹೊಡೆಯುವಂಥದ್ದು.

ಕತ್ತಿಯ ಹಿಡಿಯದ್ದೇ ತಾಪತ್ರಯ. ವೆಲ್ಡಿಂಗಿನವನು ಎಲ್ಲಕ್ಕೂ ಕುಡುಗೋಲಿಗೆ ಹಾಕುವಂಥ ದುಂಡನೆಯ ಹಿಡಿ ಹಾಕಿಕೊಟ್ಟಿದ್ದ. ಉಳಿದವರಿಗೆ ಕೈ ನೋಯುತ್ತಿತ್ತು, ನನಗೆ ಕತ್ತಿಯೇ ನಿಲ್ಲುತ್ತಿರಲಿಲ್ಲ. ತಲೆಯ ಮೇಲೆ ಬೀಸಿದ ಕೂಡಲೇ ಹಿಡಿ ಮುಷ್ಟಿಯಲ್ಲಿ ತಿರುಗಿ ಕತ್ತಿ ನೆಲಕ್ಕೆ ಬೀಳುತ್ತಿತ್ತು. ಮೇಳದವನ ಕೈಯಿಂದ ಕತ್ತಿ ಬೀಳುವುದು ಅಪಶಕುನ ಅನ್ನುತ್ತಾರೆ. "ನಾನು ತಾಳ ಹಾಕ್ತೀನಿ ಬಿಡು ದೊಡ್ಡಮ್ಮ" ಅಂದೆ. ಅಯ್ಯೋ ಪಾಪ ಅನ್ನುತ್ತಾಳೆ ಅಂದುಕೊಂಡಿದ್ದೆ.

"ತಾಳ ನಾನು ಹಾಕ್ತೀನಿ. ಹಿಡಿ ಸರಿ ಇಲ್ಲ ಅಂದ್ರೆ ಹಿಡಿ ಬದಲಾಯಿಸಬೇಕು ಕಣೇ, ಕೈ ಬದಲಾಯಿಸ್ತಾರಾ?" ಅಂದಳು.

ಮರುದಿನ ಒಲೆ ಮೇಲೆ ದೊಡ್ಡ ಪಾತ್ರೆಯಿಟ್ಟು ಗಟ್ಟಿಯಾಗಿ ರಾಗಿ ಮುದ್ದೆ ತೊಳಸಿದಳು. ಆರಿದ ಮೇಲೆ ಒಬ್ಬೊಬ್ಬರ ಕೈಗೂ ಒಂದೊಂದು ಮುದ್ದೆಯಷ್ಟು ಹಿಟ್ಟು ಕೊಟ್ಟು, "ಕತ್ತಿ ಹಿಡ್ದಂಗೆ ಹಿಡ್ಕೊಳ್ರೇ, ನಿಮ್ಮ ಮುಷ್ಟಿ ಅಳತೆ ನೋಡಬೇಕು" ಅಂದು ಒಳಗೆ ಹೋದಳು. ತಿರುಗಿ ಬಂದು ನೋಡಿದರೆ ನಾಲ್ಕೂ ಜನ ಕೈಗೆ ನೀರು ಮುಟ್ಟಿಸಿಕೊಂಡು ನುಣ್ಣಗೆ ಮುದ್ದೆ ಕಟ್ಟಿಕೊಂಡು ಕೂತಿದ್ದಾರೆ! ಹುಟ್ಟಿದಾಗಿನಿಂದ ಕಲಿತ ಕೈ, ಹಿಟ್ಟು ಸಿಕ್ಕರೆ ಇನ್ನೇನು ಮಾಡೀತು? ಡೈರಿಯ ಅಕ್ಕ ಅಂತೂ ಸಾರು ಬಿಡಲು ನಡುವೆ ಗುಳಿಯನ್ನೂ ಮಾಡಿದ್ದಳು.

"ನಿಮ್ಮ ಮನೆ ಹಾಳಾಗ! ಕತ್ತಿ ಹಿಡೀರಿ ಅಂದ್ರೆ ಊಟಕ್ಕೆ ಕೂತವ್ರೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ, ಕೈ ಸೆರಗಿನಲ್ಲಿತ್ತು. ದೊಡ್ಡಮ್ಮ ಅದನ್ನು ಹೊರಗೆ ಎಳೆದಳು. ನಾನೂ ಕಟ್ಟಲು ನೋಡಿದ್ದೆ, ಆಗಿರಲಿಲ್ಲ. ಹಿಂಡಿದ ಹಿಟ್ಟಿನ ಮೇಲೆ ಮೂರು ಬೆರಳಿನ ಗುರುತು ಆಳವಾಗಿ ಬಿದ್ದಿತ್ತು, ಬೆರಳಿಲ್ಲದ ಕಡೆ ಹಿಟ್ಟು ಉಬ್ಬಿ ಹೊರಗೆ ಬಂದಿತ್ತು. ಹೆಬ್ಬೆರಳು ಎಲ್ಲಿ ಒತ್ತುತ್ತದೆ, ಅಂಗೈ ಎಲ್ಲಿ ಟೊಳ್ಳು, ಎಲ್ಲ ಅಚ್ಚೊತ್ತಿದ ಹಾಗಿತ್ತು. ಅವಳು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ನೋಡ್ರೇ. ಹಿಡಿಯೋದು ಅಂದ್ರೆ ಇದು. ಇವಳೊಬ್ಬಳಿಗೇ ಬಂದಿರೋದು." ನನ್ನ ಮುದ್ದೆಯನ್ನು ಒಬ್ಬರು ಹೊಗಳಿದ್ದು ಅದೇ ಮೊದಲು. ನನಗೆ ಅಳು ಬಂತು, ಅವಳು ಅದಕ್ಕೂ ಬೈದಳು.

ಆ ಹಿಟ್ಟನ್ನು ನೆರಳಲ್ಲಿ ಒಣಗಿಸಿ ಎದುರಿಗಿಟ್ಟುಕೊಂಡು ಹಿತ್ತಲಿನ ಸೀಬೆ ಕೊಂಬೆ ಕಡಿದು ಹಿಡಿ ಕೆತ್ತಲು ಕೂತಳು. ಬಳೆ ಮೇಲೇರಿದವು, ರಬ್ಬರ್ ಬ್ಯಾಂಡ್ ಬಿತ್ತು. ಚಾಕುವಿನಲ್ಲಿ ಕೆತ್ತಿ, ಅರದಲ್ಲಿ ಉಜ್ಜಿ, ಒಡೆದ ಗಾಜಿನ ಚೂರಿನಲ್ಲಿ ಹೆರೆಯುವಳು. ಮೊದಲನೆಯದು ಅಂಗೈಯಲ್ಲಿ ಗುಳ್ಳೆ ಎಬ್ಬಿಸಿತು. ಇನ್ನೊಂದು ಒಣಗಿದ ಹಿಟ್ಟಿನಷ್ಟೇ ಸಣ್ಣಗಾಯಿತು. ಹಿಟ್ಟು ಒಣಗಿದರೆ ಕುಗ್ಗುತ್ತದೆ ಅನ್ನುವುದು ನಮಗಿಬ್ಬರಿಗೂ ಹೊಳೆದಿರಲಿಲ್ಲ! ಮುಂದಿನದನ್ನು ದುಂಡಗೆ ಬಿಡದೆ ಚಪ್ಪಟೆ ಮಾಡಿದಳು, ತಿರುಗುವುದು ನಿಂತಿತು. ಎರಡು ಬೆರಳು ಇಲ್ಲದ ಕಡೆ ಮರವನ್ನು ಉಬ್ಬಿಸಿ ಬಿಟ್ಟಳು. ಆ ಉಬ್ಬು ಅಂಗೈಯ ಟೊಳ್ಳಿಗೆ ಕೂತು, ಬೆರಳು ಮಾಡಬೇಕಾದ ಕೆಲಸ ಮಾಡಿತು. ಆದರೂ ಬೆವರಿದರೆ ಜಾರುತ್ತಿತ್ತು. ತೆಂಗಿನ ನಾರಿನ ಹುರಿ ಸುತ್ತಿದರೆ ಚುಚ್ಚಿತು. ಕೊನೆಗೆ ತನ್ನ ಹಳೆ ಲಂಗದ ಲಾಡಿ ಎಳೆದು ಬಿಗಿಯಾಗಿ ಸುತ್ತಿದಳು. "ಇದು ಯಾವತ್ತೂ ಜಾರಿದ್ದಿಲ್ಲ, ನನ್ನ ಮಾನ ಕಾದೈತೆ" ಅಂದಳು. ಆಮೇಲೆ ಉಳಿದ ನಾಲ್ವರಿಗೂ ಅವರವರ ಕೈಗೆ ತಕ್ಕ ಹಿಡಿ ಆದವು. ಮುದ್ದೆ ಕಟ್ಟಬಾರದು ಅಂತ ಅವರ ಪಕ್ಕದಲ್ಲೇ ಕಾವಲು ಕೂತಿದ್ದಳು.

ನಮ್ಮನ್ನು ಮೊದಲು ಕರೆದದ್ದು ಗೆಂಡೆಹಳ್ಳಿಯ ಒಂದು ಗೃಹಪ್ರವೇಶಕ್ಕೆ, ದೊಡ್ಡಮ್ಮನ ದೂರದ ನೆಂಟರ ಮನೆ. ನಮ್ಮೂರ ಗಂಡಸರ ಮೇಳವನ್ನೂ ಕರೆದಿದ್ದರು. ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಕಂಬಳಿ ಸುತ್ತಿದ ಕತ್ತಿಗಳ ಕಟ್ಟು ನೋಡಿ ಕಂಡಕ್ಟರು, "ಏನಮ್ಮ ಅದು?" ಅಂದ. "ನಮ್ಮೆಜಮಾನ್ರ ಮಂಚ ಕಣಪ್ಪ" ಅಂದಳು. ಅವನು ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.

ಗೆಜ್ಜೆ ಕಟ್ಟಿ ನಿಂತಾಗ ಹಿರಿಯರ ಕಣ್ಣು ನನ್ನ ಕೈ ಮೇಲೆ ಬಿತ್ತು. "ಆ ಹುಡುಗೀನ ಹಿಂದೆ ನಿಲ್ಸಮ್ಮ. ಶುಭಕಾರ್ಯ, ಕತ್ತಿ ಜಾರಿದ್ರೆ ಮನೆಯೋರಿಗೆ ಒಳ್ಳೇದಲ್ಲ" ಅಂದರು. ಮನೆಯವರ ಮುಖವೂ ಸಣ್ಣಗಾಯಿತು. ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಎಲ್ಲರ ಮುಂದೆ ತಂದು ನಿಲ್ಲಿಸಿದಳು. "ಕತ್ತಿ ಬಿದ್ರೆ ಇವತ್ತಿಗೇ ನಾವೆಲ್ಲ ಗೆಜ್ಜೆ ಬಿಚ್ತೀವಿ, ಇನ್ನು ಜನ್ಮದಲ್ಲಿ ಕಟ್ಟಲ್ಲ. ಬಾರಿಸ್ರಪ್ಪ."

ನಾನು ಹಿಡಿಯ ಲಾಡಿಯನ್ನು ಇನ್ನೊಮ್ಮೆ ಒತ್ತಿ ನೋಡಿಕೊಂಡೆ. ಸಮ್ಮಾಳ ಬಾರಿಸುವವನು ಅವರ ಕಡೆಯವನೇ, ಬೇಕಂತಲೇ ಗತಿ ಏರಿಸಿದ. ಏರಿಸುತ್ತಲೇ ಹೋದ. ಕತ್ತಿ ತಲೆಯ ಮೇಲೆ, ಸೊಂಟದ ಸುತ್ತ, ಮತ್ತೆ ತಲೆಯ ಮೇಲೆ. ಬೆವರು ಮೊಣಕೈಯಿಂದ ಇಳಿದು ಅಂಗೈಗೆ ಬಂತು, ಲಾಡಿ ಅದನ್ನು ಕುಡಿದುಬಿಟ್ಟಿತು. ಉಬ್ಬು ಅಂಗೈಯಲ್ಲಿ ಗಟ್ಟಿಯಾಗಿ ಕೂತಿತ್ತು. ಯಾವಾಗಲೋ ನನ್ನ ಭಯ ಹೋಗಿ ಸಿಟ್ಟು ಬಂತು, ಆ ಸಿಟ್ಟು ಎಷ್ಟು ಚೆನ್ನಾಗಿತ್ತು ಅಂದರೆ ಸಮ್ಮಾಳದವನು ಸುಸ್ತಾಗಿ ನಿಲ್ಲಿಸಿದರೂ ನಾನು ಇನ್ನೆರಡು ಸುತ್ತು ಕುಣಿದೆ.

ಹಿರಿಯರು ಹತ್ತಿರ ಬಂದು ಕತ್ತಿ ಕೇಳಿ ತೆಗೆದುಕೊಂಡರು. ಹೀಗೆ ಹಿಡಿದರು, ಹಾಗೆ ಹಿಡಿದರು. ಉಬ್ಬು ಅವರ ಬೆರಳುಗಳಿಗೆ ಅಡ್ಡ ಬರುತ್ತಿತ್ತು. "ಇದೇನ್ ಹಿಡಿನಮ್ಮ, ಹಿಡಿಯೋಕೇ ಆಗಲ್ಲವಲ್ಲ!"

"ನಿಮಗಾಗಲ್ಲ ಅಣ್ಣ" ಅಂದಳು ದೊಡ್ಡಮ್ಮ. "ನಿಮಗೆ ಎರಡು ಬೆರಳು ಜಾಸ್ತಿ ಐತೆ."

ಅವತ್ತಿನಿಂದ ನನ್ನ ಕೈ ಸೆರಗಿನೊಳಗೆ ಹೋಗಿಲ್ಲ. ಅರಸೀಕೆರೆ, ಬೇಲೂರು, ಎಲ್ಲೆಲ್ಲಿ ಕರೆದರೋ ಅಲ್ಲೆಲ್ಲ ನಾನೇ ಮುಂದೆ ನಿಂತೆ.

ಹೋದ ಮಾಘದಲ್ಲಿ ಊಟ ಮಾಡಿ ಒರಗಿದ ದೊಡ್ಡಮ್ಮ ಏಳಲಿಲ್ಲ. ನೆಂಟರು ಬಂದರು. ಸ್ನಾನ ಮಾಡಿಸಿ ವಿಭೂತಿ ಹಚ್ಚಿ ಕೂರಿಸುವಾಗ ಅವಳ ಓರಗಿತ್ತಿ, "ಮುಂಡೇದು, ಬಳೆ ತೆಗೀರಿ, ಸಾವಲ್ಲಾದ್ರೂ ಪದ್ಧತಿ ಇರಲಿ" ಅಂದು ಕೈ ಹಾಕಿದಳು. ನಾನು ಆ ಕೈ ಹಿಡಿದುಕೊಂಡೆ, ನನ್ನ ಬಲಗೈಯಲ್ಲೇ. "ತೊಡಿಸಿದ್ದು ಅವರಪ್ಪ. ಅವರ ಹತ್ರಾನೇ ಹೊರಟವ್ಳೆ, ಅಲ್ಲೇ ಬಿಚ್ಚಿಕೊಡ್ತಾಳೆ ಬಿಡಿ" ಅಂದೆ. ಬಳೆ ಉಳಿದವು.

ನಮ್ಮಲ್ಲಿ ಸಾವಿನ ಮೆರವಣಿಗೆಯ ಜೊತೆ ಹೆಂಗಸರು ಊರಬಾಗಿಲವರೆಗೆ ಮಾತ್ರ ಹೋಗುವುದು. ಅವಳನ್ನು ಕೂರಿಸಿ ಹೊತ್ತಿದ್ದ ವಿಮಾನ ಅಲ್ಲಿಗೆ ಬಂದಾಗ ಯಾರೋ, "ಇನ್ನು ಸಾಕು, ತಿರುಗಿಕೊಳ್ರಮ್ಮ" ಅಂದರು. ನಾನು ನನ್ನ ಬಳೆಗಳನ್ನು ಮೊಣಕೈಗೆ ಏರಿಸಿ, ಅವಳ ರಬ್ಬರ್ ಬ್ಯಾಂಡ್ ಹಾಕಿಕೊಂಡು, ಕತ್ತಿ ಹಿಡಿದು ಊರಬಾಗಿಲು ದಾಟಿದೆ. ಹಿಂದೆ ನಾಲ್ಕು ಜೊತೆ ಗೆಜ್ಜೆಯೂ ದಾಟಿದವು. ಅವಳು ಹೇಳುತ್ತಿದ್ದ ಒಡಪು ಈಗ ನಾನು ಹೇಳಬೇಕಿತ್ತು. ಎರಡನೆಯ ಮಾತಿಗೇ ತಡವರಿಸಿದೆ, ಉಳಿದವರು ಎತ್ತಿಕೊಂಡರು. ಕತ್ತಿ ಮಾತ್ರ ಮಣ್ಣು ಮಾಡುವ ಜಾಗದವರೆಗೂ ನನ್ನ ಕೈಯಲ್ಲಿ ನಿಂತೇ ಇತ್ತು.