ಕತ್ತರಿ ಹಿಡಿಯುವ ಹೆಬ್ಬೆರಳು

ಬೆಳಿಗ್ಗೆ ಹತ್ತೂಕಾಲಿಗೆ, ನಿವೃತ್ತ ಬಸ್ ಕಂಡಕ್ಟರರ ಬಲಗಿವಿಯ ಹತ್ತಿರ ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತು. ಮುಚ್ಚಬೇಕಾದ ಹೆಬ್ಬೆರಳು ಮಡಚಲಿಲ್ಲ. ಕ್ಷೌರಿಕ ಕೈ ಕೊಡವಿದ. ಕನ್ನಡಿಯೊಳಗಿಂದ ಕಂಡಕ್ಟರ್ ನೋಡುತ್ತಿದ್ದರು.

"ಏನಪ್ಪಾ, ಗಾಡಿ ಯಾಕೆ ನಿಲ್ಲಿಸಿದೆ?"

"ಸ್ಕ್ರೂ ಬಿಗಿಯಾಗಿದೆ ಅಣ್ಣ."

"ಹೋದ ತಿಂಗಳೂ ಸ್ಕ್ರೂ ಅಂದೆ."

ಸ್ಕ್ರೂ ಸಡಿಲಿಸಿ, ಎಣ್ಣೆ ಬಿಟ್ಟು, ಸಾಣೆ ಹಿಡಿಸಿ, ಕೊನೆಗೆ ಹೊಸ ಕತ್ತರಿಯನ್ನೇ ತಂದಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕತ್ತರಿ ಹಿಡಿದ ಕೈಯಲ್ಲಿ ನಾಲ್ಕು ಬೆರಳು ಅಲುಗುವುದಿಲ್ಲ, ಆಡುವುದು ಹೆಬ್ಬೆರಳೊಂದೇ. ಮೂವತ್ತೊಂದು ವರ್ಷ ಮನೆ ನಡೆಸಿದ್ದು ಅದೇ. ಈಗ ಅದು ಕೈಕೊಟ್ಟಿತ್ತು. ಎಡಗಡೆ ಮುಗಿದು ಬಲಗಡೆ ಉಳಿದ ತಲೆಯ ಮೇಲೆ ಟೋಪಿ ಇಟ್ಟುಕೊಂಡು ಕಂಡಕ್ಟರ್ ಎದ್ದರು. "ಅರ್ಧ ಟಿಕೆಟ್ ನಾನು ಯಾರಿಗೂ ಹೀಗೆ ಹರಿದುಕೊಟ್ಟಿಲ್ಲ," ಎಂದರು.

ಮಧ್ಯಾಹ್ನ ಕ್ಷೌರಿಕನನ್ನು ಅವನ ಹೆಂಡತಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

"ಕೆಲಸ ಇಲ್ಲದಾಗ ಏನು ಮಾಡ್ತೀರಿ?" ಡಾಕ್ಟರ್ ಕೇಳಿದರು.

"ಏನಿಲ್ಲ ಸಾರ್, ಸುಮ್ಮನೆ ಕೂತಿರ್ತೀನಿ."

"ಸುಮ್ಮನೆ ಅಂದ್ರೆ ಹೀಗೆ," ಎಂದು ಹೆಂಡತಿ ಹೆಬ್ಬೆರಳಿನಿಂದ ಗಾಳಿಯನ್ನು ಮೇಲಕ್ಕೆ ಸವರಿ ತೋರಿಸಿದಳು. "ಊಟಕ್ಕೆ ಕೂತರೂ ಹೀಗೇ."

ಡಾಕ್ಟರ್ ನಗಲಿಲ್ಲ. "ಆರು ವಾರ ಎರಡರಲ್ಲಿ ಒಂದು ಬಿಡಿ. ಕತ್ತರಿನಾದ್ರೂ ಸರಿ, ಫೋನಾದ್ರೂ ಸರಿ. ಕತ್ತರಿ ಇಟ್ಕೊಂಡ್ರೆ ದಿನಕ್ಕೆ ಎಂಟು ತಲೆ, ಅದಕ್ಕಿಂತ ಹೆಚ್ಚು ಬೇಡ. ಎರಡೂ ಹಿಡಿದ್ರೆ ಈ ಬೆರಳು ಯಾವುದಕ್ಕೂ ಉಳಿಯಲ್ಲ."

ಫೋನ್ ಬರುವ ಮುಂಚೆ ಅವನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಮುಂದಿನ ಸರದಿ ಯಾರದೋ ಅವರು ಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು. ಕೈ, ಕಣ್ಣು ಎರಡೂ ಗಿರಾಕಿಯ ತಲೆಯ ಮೇಲಿದ್ದ ಕ್ಷೌರಿಕ ಹೀಗೆ ಕಿವಿಯಿಂದಲೇ ಪತ್ರಿಕೆ ಓದುತ್ತಿದ್ದ. ಕಂಡಕ್ಟರ್ ಸುದ್ದಿಯನ್ನು ನಿಲ್ದಾಣ ಕೂಗಿದ ಹಾಗೆ ಕೂಗುತ್ತಿದ್ದರು. ಸಾವಿನ ಸುದ್ದಿ ಬಂದರೆ ಅವರ ದನಿಯೂ ಇಳಿಯುತ್ತಿತ್ತು, ಕತ್ತರಿಯೂ ಒಂದು ಗಳಿಗೆ ನಿಲ್ಲುತ್ತಿತ್ತು. ಕ್ಷೌರ ಮುಗಿದವರು ಕ್ರಿಕೆಟ್ ಪುಟ ಮುಗಿಯಲಿ ಎಂದು ಬೆಂಚಿನಲ್ಲೇ ಉಳಿಯುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಅವನು ಹೆಂಡತಿಗೆ ಲೋಕದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದ, ಒಂದೆರಡು ತನ್ನದೂ ಸೇರಿಸಿ.

ಆಮೇಲೆ ಬೆಂಚಿನವರ ತಲೆಗಳು ಒಂದೊಂದಾಗಿ ಫೋನಿನ ಮೇಲೆ ಬಗ್ಗಿದವು. ಪತ್ರಿಕೆ ಮಡಿಕೆ ಬಿಚ್ಚದೆ ಬೀಳತೊಡಗಿತು, ಅವನು ತರಿಸುವುದನ್ನೇ ನಿಲ್ಲಿಸಿಬಿಟ್ಟ. ಕತ್ತರಿಯ ಸದ್ದೊಂದೇ ಉಳಿದ ಅಂಗಡಿ ಅವನಿಗೆ ಬೇರೆ ಯಾರದೋ ಅಂಗಡಿ ಅನ್ನಿಸುತ್ತಿತ್ತು. ಆ ಬೇಸರ ಕಳೆಯಲೆಂದೇ ಅವನೂ ಒಂದು ಫೋನ್ ಕೊಂಡಿದ್ದ.

ಮರುದಿನ ಫೋನನ್ನು ಹೆಂಡತಿಯ ಹೊಲಿಗೆ ಪೆಟ್ಟಿಗೆಯಲ್ಲಿ ಬಿಟ್ಟು ಬಂದ. ಹತ್ತು ಗಂಟೆಯೊಳಗೆ ಅವನ ಕೈ ನಾಲ್ಕು ಸಲ ಖಾಲಿ ಜೇಬು ತಡಕಿತು. ಟೋಪಿ ಹಾಕಿಕೊಂಡೇ ಕಂಡಕ್ಟರ್ ಬಂದರು. ಕ್ಷೌರಿಕ ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದ.

"ಅಣ್ಣ, ಇವತ್ತು ಕೈ ನಿಧಾನ. ನೀವೇ ಏನಾದ್ರೂ ಓದಿ."

"ಪೇಪರ್ ಎಲ್ಲಿದೆಯೋ?"

"ನಿಮ್ಮ ಜೇಬಲ್ಲೇ ಇದೆಯಲ್ಲ."

ಕಂಡಕ್ಟರ್ ಹೊದಿಕೆಯ ಅಡಿಯಿಂದ ಫೋನ್ ತೆಗೆದು, ಕೈ ಚಾಚಿ ದೂರ ಹಿಡಿದು, ಹಳೆಯ ದನಿಯಲ್ಲಿ ಕೂಗಿದರು. ಬೆಂಚಿನ ಮೇಲಿದ್ದ ಮೂವರಲ್ಲಿ ಇಬ್ಬರು ತಲೆಯೆತ್ತಿದರು. ಮೂರನೆಯವನು, "ಸ್ವಲ್ಪ ಮೆಲ್ಲಗೆ," ಎಂದ.

"ಮೆಲ್ಲಗೆ ಓದಿದ್ರೆ ಹಿಂದಿನ ಸೀಟಿಗೆ ಕೇಳಲ್ಲ ಕಣಪ್ಪಾ," ಎಂದರು ಕಂಡಕ್ಟರ್.

ಬಲಗಡೆ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಎರಡು ಸಲ ಬೆರಳು ನಿಂತಿತು, ಎರಡೂ ಸಲ ಮತ್ತೆ ಮಡಚಿತು. ಸೋಮವಾರದಿಂದ ಅಂಗಡಿಗೆ ಮತ್ತೆ ಪತ್ರಿಕೆ ಬರುತ್ತದೆ.