ಅಂಚಿಗೆ ಇಳಿದ ದನಿ

ಕೊಳ್ಳೇಗಾಲದ ನೇಕಾರರ ಬೀದಿಯ ಮುದ್ದಯ್ಯನ ಕೈ ಸುಮ್ಮನಿರುತ್ತಿರಲಿಲ್ಲ, ಬಾಯಿಯೂ ಸುಮ್ಮನಿರುತ್ತಿರಲಿಲ್ಲ. ಸೈಕಲ್ ಪೆಡಲನ್ನು ನೂಲಿನ ರಾಟೆಗೆ ಕಟ್ಟಿ ಮೂಗು ಒಡೆದುಕೊಂಡವನು ಅವನೇ. ಒಂದು ಯಂತ್ರ ಕಂಡರೆ ಅದನ್ನು ಇನ್ನೊಂದಕ್ಕೆ ಗಂಟು ಹಾಕುವವರೆಗೆ ಆಸಾಮಿಗೆ ಅನ್ನ ಸೇರುತ್ತಿರಲಿಲ್ಲ.

ಎಪ್ಪತ್ತೊಂದನೇ ಇಸವಿಯಲ್ಲಿ ಅವನ ಮಗಳು ಚೌಡೇಶ್ವರಿಗೆ ಯಳಂದೂರಿನ ಗಂಡು ಗೊತ್ತಾಯಿತು. ಹುಡುಗಿಗೆ ಸಂತೋಷವೇನೋ ಆಯಿತು, ಆದರೆ ಅವ್ವನ ದನಿ ಕೇಳದೆ ಬೆಳಗಾಗುವುದು ಹೇಗೆ ಎಂದು ಕೂತು ಅತ್ತಳು. ಅದೇ ವಾರ ಅನಸೂಯಮ್ಮ ಎಂಬ ಸಂಶೋಧಕಿ ಈ ಕಡೆಯ ಜನರ ಮಾತನ್ನು ಅಭ್ಯಾಸ ಮಾಡಲು ಮೈಸೂರಿನಿಂದ ಒಂದು ಪೆಟ್ಟಿಗೆ ತಂದಿದ್ದರು. ಅದರೆದುರು ಮಾತಾಡಿದರೆ ಮಸಿ ಹಿಡಿಸಿದ ಕಾಗದದ ಮೇಲೆ ಮುಳ್ಳೊಂದು ದನಿಯ ಏರಿಳಿತವನ್ನು ಗೀಚುತ್ತಿತ್ತು. ಅದನ್ನು ಕಂಡ ಮುದ್ದಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಮ್ಮಾರೇ, ನಿಮ್ ಪೆಟ್ಗೆ ಬರ್ದಿದ್ನ ನನ್ ಮಗ್ಗ ನೇಯ್ತದೆ. ನಮ್ಮವ್ಳ ಆಶೀರ್ವಾದವ ಮಗಳ ಧಾರೆ ಸೀರೆಗೆ ಆಕ್ಬುಡ್ತೀನಿ," ಅಂದ.

ಅನಸೂಯಮ್ಮ ನಕ್ಕು ಒಪ್ಪಿದರು. ಮರುದಿನದ ಬಸ್ಸಿಗೆ ಅವರು ಹೊರಡುವವರು, ಆಗುವುದು ಇಂದೇ ಆಗಬೇಕು. ಮುದ್ದಯ್ಯನ ಹೆಂಡತಿ ಚೆಲುವಮ್ಮ ಬಾಯಿ ತೆರೆದರೆ ಮೂರು ಬೀದಿಗೆ ಕೇಳುತ್ತಿತ್ತು. ಪೆಟ್ಟಿಗೆಯ ಮುಂದೆ ಕೂರಿಸಿದ್ದೇ ತಡ, ಬಾಯಿಗೆ ಬೀಗ ಬಿತ್ತು. ಕಾಫಿ ಕೊಟ್ಟರು, ಎಲೆಅಡಿಕೆ ಕೊಟ್ಟರು, ಗಂಡ ಕಾಲಿಗೆ ಬೀಳುವುದೊಂದು ಬಾಕಿ. ಉಹುಂ, ಮುಳ್ಳು ಅಲುಗಲಿಲ್ಲ. ಕೊನೆಯ ಕಾಗದ ಉರುಳುತ್ತಿದ್ದಾಗ ಪಕ್ಕದ ಮನೆಯ ಮೇಕೆ ಒಳಗೆ ನುಗ್ಗಿ ರೇಷ್ಮೆಯ ಲಡಿಗೆ ಬಾಯಿ ಹಾಕಿತು.

"ಲೇ, ನಿನ್ ಮನೆ ಕಾಯ್ವೋಗ, ಊರಲ್ಲಿ ಸೊಪ್ಪಿಲ್ದೆ ನನ್ ಮಗಳ ರೇಸ್ಮೆನೇ ಬೇಕಾಯ್ತಾ ನಿಂಗೆ?"

ಚೆಲುವಮ್ಮನ ದನಿಗೆ ಮುಳ್ಳು ಕುಣಿದಾಡಿತು. ಕಾಗದ ಮುಗಿಯಿತು.

ಬೈಗುಳವಾದರೂ ಅವಳದೇ ದನಿ ತಾನೇ? ಸೆರಗಿನ ಬಳಿ, ಬೀಗರ ಕಣ್ಣಿಗೆ ಬೀಳದಂತೆ, ಅಂಚಿನಲ್ಲಿ ಒಂದೇ ಸಲ ನೇಯ್ದರಾಯಿತು ಎಂದು ಮುದ್ದಯ್ಯ ಹಿಗ್ಗಿದ. ಮಗ್ಗಕ್ಕೆ ಗೆರೆ ತಿಳಿಯದು. ಅದರ ಮೇಲೆ ಒಂದರ ಹಿಂದೊಂದು ಸರಿಯುವ ರಟ್ಟಿನಲ್ಲಿ ತೂತಿದ್ದರೆ ಎಳೆ ಎತ್ತುತ್ತದೆ, ಇಲ್ಲದಿದ್ದರೆ ಬಿಡುತ್ತದೆ, ಅಷ್ಟೇ ಅದರ ವಿದ್ಯೆ. ಹಾಗಾಗಿ ಗೆರೆಯನ್ನು ಚೌಕಳಿ ಕಾಗದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ರಟ್ಟುಗಳಿಗೆ ತೂತು ಹೊಡೆದ. ಮೊದಲ ಸಲ ನೇಯ್ದು ನೋಡಿದಾಗ ದನಿಯ ಏರು ತೀರಾ ಉದ್ದವಾಗಿ, ಹಿಡಿಯುವ ಎಳೆಯಿಲ್ಲದೆ ಜರಿ ಜೋತುಬಿತ್ತು. ಏರನ್ನು ಕತ್ತರಿಸಿದ ಮೇಲೆ ಸರಿಹೋಯಿತು. ಹೆಂಡತಿಯ ದನಿ ತಗ್ಗಿಸಿದ ಗಂಡ ಬೀದಿಗೆಲ್ಲ ತಾನೊಬ್ಬನೇ ಎಂದು ಹೇಳಿಕೊಂಡು ತಿರುಗಿದ.

ಆ ಸಡಗರದಲ್ಲಿ ಕೈ ಹಳೇ ಚಾಳಿ ಬಿಡಲಿಲ್ಲ. ಹೂವು ಮತ್ತೆ ಮತ್ತೆ ಬರಲೆಂದು ನೇಕಾರರು ಕೊನೆಯ ರಟ್ಟನ್ನು ಮೊದಲನೆಯದಕ್ಕೆ ಹೊಲಿದು ಸುತ್ತು ಕಟ್ಟುತ್ತಾರೆ. ಅವನೂ ಹಾಗೇ ಕಟ್ಟಿದ. ಹಾಡಿಕೊಂಡು ನೇಯ್ದ, ನೇಯ್ದದ್ದು ಕಣ್ಣಿಗೆ ಬೀಳದೆ ಮಗ್ಗದ ದಿಂಡಿಗೆ ಸುತ್ತಿಕೊಂಡಿತು. ಸೀರೆ ಬಿಚ್ಚಿದರೆ, ಈ ತುದಿಯಿಂದ ಆ ತುದಿಯವರೆಗೆ ಚೆಲುವಮ್ಮ ಮೇಕೆಯನ್ನು ಬೈಯುತ್ತಿದ್ದಳು. ಮತ್ತೆ ನೇಯಲು ರೇಷ್ಮೆಯೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ಧಾರೆಯ ದಿನ ಬೀಗರು ಅಂಚಿನ ಏರಿಳಿತ ನೋಡಿ ಎಂಥಾ ಗೋಪುರದಂಚು ಎಂದು ಹೊಗಳಿದರು. ಚೆಲುವಮ್ಮನಿಗೆ ತಡೆಯಲಾಗಲಿಲ್ಲ.

"ಒಳ್ಳೆ ಮಾತಾಡ್ಬೇಕಾದಾಗ ಬಾಯ್ ಕಟ್ತು ಕಣವ್ವ. ಬೈಗುಳ ಉಡ್ಸಿ ಕಳಿಸ್ತಾ ಇವ್ನಿ," ಎಂದು ಮಗಳ ಕೈ ಹಿಡಿದು ಅತ್ತಳು.

ಚೌಡೇಶ್ವರಿ ಅಂಚನ್ನು ಬೆರಳಲ್ಲಿ ಸವರುತ್ತಿದ್ದಳು. "ಆಶೀರ್ವಾದವ ಅತ್ತೇನೂ ಮಾಡ್ತಾರೆ ಬುಡವ್ವ. ಇಂಗೆ ಬೈಯೋರು ಅಲ್ಲಿ ಯಾರವ್ರೆ? ಎಲ್ಲಿಂದ ಸುರು, ಅದ ತೋರ್ಸು."

ಚೆಲುವಮ್ಮ ಕಣ್ಣೊರೆಸಿಕೊಂಡು ಎಲ್ಲಕ್ಕಿಂತ ಎತ್ತರದ ಗೋಪುರದ ಮೇಲೆ ಬೆರಳಿಟ್ಟಳು.

"ಇಲ್ಲಿ. ಲೇ ಅಂದಿದ್ದು ಇಲ್ಲಿ."